ಮುಖ ಕೆಂಪಾಗೋ ಈ ಹಕ್ಕಿ ನಿಜವಾಗ್ಲೂ ಕುದುರೆಮುಖದ್ದಾ? ಗೊತ್ತಿರೋರು ಹೇಳಿ

ಕೊಪ್ಪದ_ಹುಡ್ಗ
ಎಲ್ರಿಗೂ ನಮಸ್ಕಾರ. ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ ಓಡಾಡ್ತಾ ಇದೆ. ಮೈಯೆಲ್ಲಾ ಮಸಿ ಬಣ್ಣ, ಕರಿ ಕೊಕ್ಕು, ಕಣ್ಣಿನ ಸುತ್ತ ಪುಕ್ಕಾನೇ ಇಲ್ದೆ ಕೇಸರಿ ಕೆಂಪು ಚರ್ಮ, ಅದ್ರ ಕೆಳಗೆ ಒಂದು ಚೂರು ಚರ್ಮ ಜೋತಾಡ್ತಾ ಇದೆ. ಕೆಳಗೆ ಬರ್ದಿದಾರೆ, "ಕುದುರೆಮುಖದ ಶೋಲಾ ಕಾಡಿನಲ್ಲಿ ಹೊಸ ಪಕ್ಷಿ ಪತ್ತೆ, ಬರೀ ಜೇನು ಕುಡಿದು ಬದುಕುತ್ತೆ, ಸಿಟ್ಟು ಬಂದರೆ ಮುಖ ಕೆಂಪಾಗುತ್ತೆ, ಹತ್ತು ಜನಕ್ಕೆ ಕಳಿಸಿ" ಅಂತ. ನಾನು ಆ ಕಡೆ ಸುಮಾರು ಸುತ್ತಿದೀನಿ, ಇಂಥದ್ದು ಕಂಡಿಲ್ಲ, ಕಂಡೋರ ಬಗ್ಗೆನೂ ಕೇಳಿಲ್ಲ. ಗ್ರೂಪಲ್ಲಿ ಪ್ರಶ್ನೆ ಕೇಳಿದ್ರೆ "ನಿಂಗೆ ನಮ್ಮ ಕಾಡಿನ ಬಗ್ಗೆ ಹೆಮ್ಮೆ ಇಲ್ವಾ" ಅಂತಾರೆ. ಸುಳ್ಳು ಅಂತಾದ್ರೆ ಇದು ಎಲ್ಲಿ ಹಕ್ಕಿ, ಮುಖ ಕೆಂಪಾಗೋದು ನಿಜಾನಾ?

ಬೈನಾಕ್ಯುಲರ್_ಬಸ್ಯಾ
ಹತ್ತ್ ಮಂದಿಗೆ ಕಳ್ಸಿದ್ರ ಹನ್ನೊಂದನೇ ಹಕ್ಕಿ ಫ್ರೀ ಅಂತ ಬರ್ದಿಲ್ಲೇನ್ರಿ 😄

ಶೋಲಾ_ಸುತ್ತಾಟ
ಕುದುರೆಮುಖ ಬಿಡಿ, ಇಂಡಿಯಾದ್ದೇ ಅಲ್ಲ. ನೀವು ಹೇಳಿದ ಲಕ್ಷಣ ನೋಡಿದ್ರೆ ಇದು ವಾಟಲ್ಡ್ ಸ್ಮೋಕಿ ಹನಿಈಟರ್, ಮೆಲಿಪೋಟೆಸ್ ಕ್ಯಾರೊಲೆ. ಇರೋದು ಇಂಡೋನೇಷ್ಯಾದ ಪಾಪುವಾದಲ್ಲಿ, ನ್ಯೂಗಿನಿ ದ್ವೀಪದ ಉತ್ತರಕ್ಕೆ ಫೋಜಾ ಅಂತ ಬೆಟ್ಟಸಾಲು ಇದೆಯಲ್ಲ, ಅಲ್ಲಿ ಮಾತ್ರ. ಬೇರೆ ಎಲ್ಲೂ ಇಲ್ಲ. 2005ರ ಡಿಸೆಂಬರಲ್ಲಿ ಅಮೆರಿಕದ ಪಕ್ಷಿತಜ್ಞ ಬ್ರೂಸ್ ಬೀಲರ್ ಮುಂದಾಳತ್ವದಲ್ಲಿ ಕನ್ಸರ್ವೇಷನ್ ಇಂಟರ್‌ನ್ಯಾಷನಲ್ ಮತ್ತೆ ಇಂಡೋನೇಷ್ಯಾ ಸರ್ಕಾರದ ವಿಜ್ಞಾನ ಸಂಸ್ಥೆಯವರು ಸೇರಿ ಹೋಗಿದ್ರು, ಆಗ ಸಿಕ್ಕಿದ್ದು. 2006 ಫೆಬ್ರವರಿಯಲ್ಲಿ ಜಗತ್ತಿಗೆಲ್ಲಾ ಸುದ್ದಿ ಆಯ್ತು, 2007ರಲ್ಲಿ ಹೊಸ ಪ್ರಭೇದ ಅಂತ ಅಧಿಕೃತವಾಗಿ ವಿವರಣೆ ಬಂತು. ನ್ಯೂಗಿನಿಯಲ್ಲಿ ಅದಕ್ಕೂ ಮುಂಚೆ 60 ವರ್ಷಕ್ಕೂ ಹೆಚ್ಚು ಕಾಲ ಒಂದು ಹೊಸ ಹಕ್ಕಿನೂ ಸಿಕ್ಕಿರ್ಲಿಲ್ಲ, ಅಷ್ಟು ಗಲಾಟೆ ಆಗಿದ್ದು ಅದಕ್ಕೆ.

"ಬರೀ ಜೇನು ಕುಡಿದು" ಅನ್ನೋದೂ ಬುರುಡೆ. ಈ ಕುಲದ ಹಕ್ಕಿಗಳು ಮುಖ್ಯವಾಗಿ ಹಣ್ಣು ತಿನ್ತವೆ, ಜೊತೆಗೆ ಹುಳ. ಹನಿಈಟರ್ ಕುಟುಂಬಕ್ಕೆ ಸೇರಿದ್ದು ಅಷ್ಟೇ. ಆ ಕುಟುಂಬದಲ್ಲಿ ಸುಮಾರು 190 ಪ್ರಭೇದ ಇವೆ, ಎಲ್ಲಾ ಆಸ್ಟ್ರೇಲಿಯಾ, ನ್ಯೂಗಿನಿ, ಪೆಸಿಫಿಕ್ ದ್ವೀಪಗಳ ಕಡೆ. ನಮ್ಮ ದೇಶದಲ್ಲಿ ಸೊನ್ನೆ.

ಸೂರಕ್ಕಿ_ಮನೆ
ಸೊನ್ನೆ ಹೇಗೆ?? ನಮ್ಮ ಮನೆ ಮುಂದೆ ದಾಸವಾಳಕ್ಕೆ ದಿನಾ ಬರ್ತವಲ್ಲ ಸೂರಕ್ಕಿ, ಉದ್ದ ಬಾಗಿದ ಕೊಕ್ಕು, ಮಕರಂದ ಹೀರ್ತವೆ, ಅವು ಇದೇ ಜಾತಿ ಅಲ್ವಾ?

ಶೋಲಾ_ಸುತ್ತಾಟ
ಅಲ್ಲ ಮೇಡಂ. ನೋಡೋಕೆ ಒಂದೇ ಥರ, ಕೆಲಸಾನೂ ಒಂದೇ, ಸಂಬಂಧ ಮಾತ್ರ ದೂರದ್ದು. ಸೂರಕ್ಕಿಗೆ ಹತ್ತಿರದ ನೆಂಟರು ಅಂದ್ರೆ ಬದನಿಕೆ ಹಕ್ಕಿಗಳು. ಹನಿಈಟರ್‌ಗಳ ನೆಂಟರೆಲ್ಲಾ ಆಸ್ಟ್ರೇಲಿಯಾ ಕಡೆಯವು, ಫೇರಿರೆನ್, ಥಾರ್ನ್‌ಬಿಲ್ ಅಂತಾರಲ್ಲ ಅವು. ನಾಲಿಗೆ ನೋಡಿದ್ರೆ ಗೊತ್ತಾಗುತ್ತೆ, ಸೂರಕ್ಕಿದು ಕೊಳವೆ ಥರ ಸುತ್ಕೊಂಡಿರುತ್ತೆ, ಹನಿಈಟರ್‌ದು ತುದಿ ಸೀಳಿ ಸೀಳಿ ಬ್ರಷ್ ಆಗಿರುತ್ತೆ. ಅಮೆರಿಕದ ಹಮ್ಮಿಂಗ್‌ಬರ್ಡ್ ಮೂರನೇ ಪಾರ್ಟಿ, ಅದಕ್ಕೂ ಇವೆರಡಕ್ಕೂ ಏನೂ ಸಂಬಂಧ ಇಲ್ಲ. ಹೂವಲ್ಲಿ ಮಕರಂದ ಇದ್ರೆ ಯಾವ್ದೋ ಒಂದು ಹಕ್ಕಿ ಕಲಿತೇ ಕಲಿಯುತ್ತೆ, ಒಂದೊಂದು ಖಂಡದಲ್ಲಿ ಒಂದೊಂದು.

ರಿಟೈರ್ಡ್_ಮೇಷ್ಟ್ರು
ಶೋಲಾ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹನಿಈಟರ್‌ಗಳ ಪಶ್ಚಿಮದ ಗಡಿ ಎಲ್ಲಿ ಅಂದ್ರೆ ಬಾಲಿ ಮತ್ತು ಲೊಂಬೊಕ್ ದ್ವೀಪಗಳ ನಡುವಿನ ಸಮುದ್ರ. 1856ರಲ್ಲಿ ಬ್ರಿಟಿಷ್ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸಲ್ ವಾಲೇಸ್ ಬಾಲಿಯಿಂದ ಲೊಂಬೊಕ್‌ಗೆ ದಾಟಿದಾಗ ಹಕ್ಕಿಗಳೇ ಬದಲಾಗಿಬಿಟ್ಟಿದ್ದು ಕಂಡು ಬೆರಗಾದ. ಈ ಕಡೆ ಏಷ್ಯಾದ ಮರಕುಟಿಗ, ಆ ಕಡೆ ಕಾಕಟೂ, ಹನಿಈಟರ್. ನಡುವೆ ಇರೋದು ಬರೀ 35 ಕಿಲೋಮೀಟರ್ ಆಸುಪಾಸು, ಆದರೆ ಆಳ ಎಷ್ಟಿದೆ ಅಂದ್ರೆ ಹಿಮಯುಗದಲ್ಲಿ ಸಮುದ್ರಮಟ್ಟ ಇಳಿದಾಗಲೂ ಅಲ್ಲಿ ನೆಲ ಕೂಡಿಕೊಳ್ಳಲಿಲ್ಲ. ಹನಿಈಟರ್‌ಗಳಲ್ಲಿ ಒಂದೇ ಒಂದು ಪ್ರಭೇದ ಆ ಸಮುದ್ರ ದಾಟಿ ಬಾಲಿ ತನಕ ಬಂದಿದೆ. ಹಾಗಿರುವಾಗ ಕುದುರೆಮುಖಕ್ಕೆ ಅದು ಯಾವ ಬಸ್ಸಲ್ಲಿ ಬರ್ತದೆ?

ಬೈನಾಕ್ಯುಲರ್_ಬಸ್ಯಾ
ಮೇಷ್ಟ್ರ, ಶಕ್ತಿ ಯೋಜನಾದಾಗ ಹೆಣ್ ಹಕ್ಕಿ ಇದ್ರ ಟಿಕೆಟ್ಟೂ ಇಲ್ರಿ

ಕೊಪ್ಪದ_ಹುಡ್ಗ
😂😂 ಥ್ಯಾಂಕ್ಸ್ ಎಲ್ರಿಗೂ. ಮುಖ ಕೆಂಪಾಗೋ ವಿಷ್ಯ?

ಹಾಗೆನ್_ಕನ್ನಡಿಗ
ಇದಕ್ಕೆ ನಾನು ಹೇಳ್ಬೋದು. ನಾನು ಪಾಪುವಾ ನ್ಯೂಗಿನಿ ಕಡೆ, ಅಂದ್ರೆ ಅದೇ ದ್ವೀಪದ ಪೂರ್ವ ಅರ್ಧದಲ್ಲಿ ಕೆಲಸಕ್ಕೆ ಇದ್ದೆ, ಮೌಂಟ್ ಹಾಗೆನ್ ಊರಲ್ಲಿ. ಫೋಜಾ ಹಕ್ಕಿ ಅಲ್ಲಿಲ್ಲ, ಅದರ ಸೋದರ ಸಂಬಂಧಿ ಕಾಮನ್ ಸ್ಮೋಕಿ ಹನಿಈಟರ್ ಇದೆ, ಮೆಲಿಪೋಟೆಸ್ ಫ್ಯುಮಿಗೇಟಸ್, ನಡು ಬೆಟ್ಟಸಾಲಿನ ಉದ್ದಕ್ಕೂ ಸಿಗುತ್ತೆ. ಊರಿಂದ ಮೇಲೆ ಎಂಗಾ ಪ್ರಾಂತ್ಯದ ಕಡೆ ಹೋದ್ರೆ ಕುಮುಲ್ ಲಾಡ್ಜ್ ಅಂತ ಇದೆ, ಅಲ್ಲಿ ಹಿಂದುಗಡೆ ಒಂದು ಹಲಗೆ ಮೇಲೆ ಪಪಾಯ, ಬಾಳೆಹಣ್ಣು ಇಟ್ಟಿರ್ತಾರೆ, ಹಕ್ಕಿ ಫೋಟೋದವ್ರೆಲ್ಲಾ ಅಲ್ಲೇ ಕಾಫಿ ಹಿಡ್ಕೊಂಡು ಕೂತಿರ್ತಾರೆ. ಇದು ಬಂದು ಕೂತಾಗ ಮುಖದ ಚರ್ಮ ಹಳದಿ. ಪಕ್ಕದಲ್ಲಿ ಬೆಲ್ಫರ್ಡ್ಸ್ ಮೆಲಿಡೆಕ್ಟೆಸ್ ಅಂತ ಇನ್ನೊಂದು ಹನಿಈಟರ್ ಇರುತ್ತೆ, ಅದು ಮಹಾ ಜಗಳಗಂಟಿ, ಅದು ಎಗರಿ ಬಂತು ಅಂದ್ರೆ ಇದರ ಮುಖ ನೋಡ್ನೋಡ್ತಾ ಕೇಸರಿ ಆಗಿ ಕೆಂಪಾಗುತ್ತೆ, ಆಮೇಲೆ ಮೆಲ್ಲಗೆ ಇಳಿದು ಮತ್ತೆ ಹಳದಿ. ಪುಕ್ಕ ಇಲ್ಲದ ಬೋಳು ಚರ್ಮ ಅಲ್ವಾ, ರಕ್ತ ನುಗ್ಗಿದ್ರೆ ಹೊರಗೆ ಕಾಣುತ್ತೆ, ಟರ್ಕಿ ಕೋಳಿಗೂ ಹಂಗೇ ಆಗುತ್ತೆ.

ಫೋಜಾದ್ದರ ವಿಶೇಷ ಏನಪ್ಪಾ ಅಂದ್ರೆ ಅದು ಯಾವಾಗ್ಲೂ ಕೇಸರಿ ಕೆಂಪೇ. ಮಿಕ್ಕ ಸಂಬಂಧಿಕರು ಸಿಟ್ಟು ಬಂದಾಗ ಆಗೋ ಬಣ್ಣ ಇದಕ್ಕೆ ಪರ್ಮನೆಂಟು. ಮತ್ತೆ ಜೋಲು ಚರ್ಮ ಅಷ್ಟು ದೊಡ್ಡದಾಗಿ ಬೇರೆ ಯಾವ್ದಕ್ಕೂ ಇಲ್ಲ. ಅಂದ್ರೆ ಆ ಫಾರ್ವರ್ಡ್ ಬರೆದವ್ನು ಒಂದು ಹಕ್ಕಿ ಫೋಟೋಗೆ ಇನ್ನೊಂದರ ಗುಣ ಅಂಟಿಸಿದಾನೆ.

ಸೂರಕ್ಕಿ_ಮನೆ
ಪಾಪ ಯಾವಾಗ್ಲೂ ಸಿಟ್ಟಲ್ಲೇ ಇರುತ್ತಾ ಹಂಗಾದ್ರೆ

ಹಾಗೆನ್_ಕನ್ನಡಿಗ
ಉಲ್ಟಾ ಮೇಡಂ, ಅದು ಭಾರೀ ಮೌನಿ. ಕಂಡುಹಿಡಿದವರಿಗೆ ಅದರ ಕೂಗೇ ಕೇಳ್ಸಿಲ್ಲ ಅಂತ ಬರ್ದಿದಾರೆ. ಹಂಗಂತ ಅಪರೂಪ ಏನಲ್ಲ, ಆ ಬೆಟ್ಟದಲ್ಲಿ ಸುಮಾರು 1,150 ಮೀಟರಿನಿಂದ ಮೇಲಕ್ಕೆ ಎಲ್ಲಾ ಕಡೆ ಇದೆ. 55 ಗ್ರಾಂ ಹತ್ತಿರ ತೂಗುತ್ತೆ, ಸೂರಕ್ಕಿ ನೋಡಿದ ಕಣ್ಣಿಗೆ ಇದು ಗುಂಡು.

ಪ್ರಶ್ನೆ_ಪರಮ
ನಂದೊಂದು ತಕರಾರು. "ಪತ್ತೆ ಹಚ್ಚಿದ್ರು" "ಕಂಡುಹಿಡಿದ್ರು" ಅಂತ ಎಲ್ರೂ ಬರೀತಾ ಇದೀರಲ್ಲ. ಆ ಕಾಡಲ್ಲಿ ಜನ ಇಲ್ವಾ? ಅವ್ರಿಗೆ ಆ ಹಕ್ಕಿ ಗೊತ್ತಿರ್ಲಿಲ್ವಾ? ಅಮೆರಿಕದೋನು ಹೆಲಿಕಾಪ್ಟರಲ್ಲಿ ಬಂದು ನೋಡಿದ ಕೂಡ್ಲೇ ಡಿಸ್ಕವರಿ. ಅದೂ ಸಾಲ್ದು ಅಂತ ಹೆಂಡ್ತಿ ಹೆಸ್ರು ಇಟ್ಟ. ಕ್ಯಾರೊಲೆ ಅಂದ್ರೆ ಕ್ಯಾರಲ್ ಬೀಲರ್, ಆಯಮ್ಮ ಆತನ ಹೆಂಡತಿ. ಇದೇ ಕಥೆ ನಮ್ಮ ಘಟ್ಟದಲ್ಲೂ, ಬ್ರಿಟಿಷ್ ಸಾಹೇಬರ ಹೆಸರಲ್ಲೇ ಅರ್ಧ ಹಕ್ಕಿಗಳು.

ಶೋಲಾ_ಸುತ್ತಾಟ
ಪರಮ, ಬೇರೆ ಕಡೆ ನಿಮ್ಮ ಮಾತು ನೂರಕ್ಕೆ ನೂರು ಸರಿ, ಫೋಜಾಗೆ ಮಾತ್ರ ಪೂರ್ತಿ ಹೊಂದಲ್ಲ. ಆ ಬೆಟ್ಟ ಕ್ವೆರ್ಬಾ ಮತ್ತೆ ಪಾಪಸೇನ ಸಮುದಾಯದವ್ರ ಹಕ್ಕಿನ ಭೂಮಿ, ಅವ್ರ ಇಬ್ಬರು ಮುಖಂಡರು ತಂಡದ ಜೊತೆನೇ ಹೋಗಿದ್ರು. ಅವ್ರ ಊರುಗಳಿರೋದು ತಪ್ಪಲಲ್ಲಿ, ಬೇಟೆಗೆ ಬೇಕಾದ್ದೆಲ್ಲಾ ಕೆಳಗೇ ಸಿಗೋವಾಗ ಆ ಕಡಿದಾದ ಮೇಲ್ಭಾಗಕ್ಕೆ ಯಾರೂ ಹೋಗ್ತಿರ್ಲಿಲ್ಲವಂತೆ, ಮೇಲೆ ಹೋದಾಗ ಅವ್ರಿಗೂ ಆಶ್ಚರ್ಯ. 3 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಕಾಡು, ಒಂದು ರಸ್ತೆ ಇಲ್ಲ. ಮುಳ್ಳಿಲಿ ಥರ ಇರೋ ಎಕಿಡ್ನ ಅನ್ನೋ ಪ್ರಾಣಿನ ಕೈಲಿ ಎತ್ಕೊಂಡು ಬಂದ್ರೂ ಅದು ಓಡಿರ್ಲಿಲ್ಲ, ಮನುಷ್ಯರ ಭಯ ಅಷ್ಟು ಕಮ್ಮಿ ಅಲ್ಲಿ.

ಇನ್ನೊಂದು ಮಜಾ ಇದೆ ಕೇಳಿ. ಅದೇ ಬೆಟ್ಟದ ಇನ್ನೊಂದು ಹಕ್ಕಿ ಗೋಲ್ಡನ್ ಫ್ರಂಟೆಡ್ ಬೋವರ್‌ಬರ್ಡ್. 1895ರಲ್ಲಿ ಇಂಗ್ಲೆಂಡಿನಲ್ಲಿ ವಾಲ್ಟರ್ ರಾತ್‌ಸ್‌ಚೈಲ್ಡ್ ಅನ್ನೋ ಸಂಗ್ರಹಕಾರ ವ್ಯಾಪಾರಿಗಳಿಂದ ಬಂದ ಚರ್ಮ ನೋಡಿ ಅದನ್ನ ವಿವರಿಸಿದ. ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ತಂಡಗಳು ಹುಡುಕಿ ಸುಸ್ತಾದ್ವು, ಕೊನೆಗೆ 1979ರಲ್ಲಿ ಅಮೆರಿಕದ ವಿಜ್ಞಾನಿ ಜೇರೆಡ್ ಡೈಮಂಡ್ ಫೋಜಾಗೆ ಹೋದಾಗ ಸಿಕ್ತು. ಅಂದ್ರೆ ಯಾರೋ ಸ್ಥಳೀಯ ಬೇಟೆಗಾರ ಅದನ್ನ ಹಿಡಿದು ಮಾರಿದ್ದ. ಸೋ ಯಾರೂ ಹೋಗೇ ಇಲ್ಲ ಅಂತಾನೂ ಹೇಳಕ್ಕಾಗಲ್ಲ, ಅದು ನಿಮ್ಮ ಪಾಯಿಂಟಿಗೇ ಬರುತ್ತೆ.

ಪ್ರಶ್ನೆ_ಪರಮ
ಅದನ್ನೇ ಹೇಳಿದ್ದು. ಆ ಬೇಟೆಗಾರನ ಹೆಸರು ಎಲ್ಲಿದೆ?

ಮತ್ತೆ ಇನ್ನೊಂದು, ಈ ಹನಿಈಟರ್‌ನ ಕೊಂದು ಮ್ಯೂಸಿಯಮ್ಮಿಗೆ ಸ್ಪೆಸಿಮೆನ್ ಮಾಡಿದಾರೆ ತಾನೇ? ಹೊಸದು ಸಿಕ್ಕಿದ್ ತಕ್ಷಣ ಕೊಲ್ಲೋದು ಯಾವ ನ್ಯಾಯ. 2006ರಲ್ಲೇ ನಮ್ಮ ಅರುಣಾಚಲದ ಈಗಲ್‌ನೆಸ್ಟ್ ಕಾಡಲ್ಲಿ ಬುಗುನ್ ಲಿಯೊಸಿಕ್ಲ ಅನ್ನೋ ಹೊಸ ಹಕ್ಕಿ ಸಿಕ್ತಲ್ಲ, ರಮಣ ಆತ್ರೇಯ ಅವ್ರು ಬಲೆಗೆ ಬಿದ್ದಿದ್ದನ್ನ ಅಳತೆ ತಗೊಂಡು, ಫೋಟೋ ತೆಗ್ದು, ಉದುರಿದ ಪುಕ್ಕ ಇಟ್ಕೊಂಡು ಹಾರಿಬಿಟ್ರು. ಹೆಸರೂ ಅಲ್ಲಿನ ಬುಗುನ್ ಜನರದ್ದೇ ಇಟ್ರು. ಆತ ಕಸುಬಿನಲ್ಲಿ ಖಗೋಳ ವಿಜ್ಞಾನಿ, ಹಕ್ಕಿ ಹವ್ಯಾಸ. ಹಂಗೂ ಮಾಡ್ಬೋದು ಅಂತ ತೋರಿಸಿದ್ರು.

ರಿಟೈರ್ಡ್_ಮೇಷ್ಟ್ರು
ಪರಮ ಅವರೇ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬುಗುನ್ ಹಕ್ಕಿ ಆಗ ಕಂಡಿದ್ದು ಬೆರಳೆಣಿಕೆಯಷ್ಟು, ಅದರಲ್ಲಿ ಒಂದು ಕೊಂದರೂ ತಪ್ಪು. ಆತ್ರೇಯ ಅವರು 1995ರಲ್ಲೇ ಮೊದಲ ಸಲ ಕಂಡು, ಮತ್ತೆ ಸಿಗೋವರೆಗೆ ವರ್ಷಗಟ್ಟಲೆ ಕಾದರು. ಫೋಜಾ ಹಕ್ಕಿ ಆ ಬೆಟ್ಟದಲ್ಲಿ ಧಾರಾಳ. ಸ್ಪೆಸಿಮೆನ್ ಇದ್ರೆ ಮುಂದೆ ನೂರು ವರ್ಷ ಬೇರೆಯವರು ಅಳೆಯಬಹುದು, ಡಿಎನ್‌ಎ ತೆಗೆಯಬಹುದು, ಹೇಳಿದ್ದು ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಬಹುದು. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿ ಸಮೀಕ್ಷೆ ಮಾಡಿದಾಗಲೂ ಕೋವಿ ಜೊತೆಗೇ ಇತ್ತು. ಇವತ್ತು ನಾವು ನಮ್ಮ ಘಟ್ಟದ ಹಕ್ಕಿಗಳ ಬಗ್ಗೆ ಮಾತಾಡ್ತಿರೋದು ಆ ಚರ್ಮಗಳ ಆಧಾರದ ಮೇಲೆ.

ಮ್ಯಾಕ್‌ಗ್ರೆಗರ್ ಹಕ್ಕಿ ಕಥೆ ಕೇಳಿ. ನ್ಯೂಗಿನಿಯ ಎತ್ತರದ ಬೆಟ್ಟಗಳಲ್ಲಿ, ಮರಗಳು ಮುಗಿಯೋ ಅಂಚಲ್ಲಿ ಇರೋ ದೊಡ್ಡ ಕರಿ ಹಕ್ಕಿ, ಕಣ್ಣಿನ ಹತ್ತಿರ ಕಿತ್ತಳೆ ಬಣ್ಣದ ಬಿಲ್ಲೆ. 1897ರಿಂದ ಸುಮಾರು ನೂರು ವರ್ಷ ಅದನ್ನ ಬರ್ಡ್ ಆಫ್ ಪ್ಯಾರಡೈಸ್ ಅಂತಲೇ ಪುಸ್ತಕಗಳಲ್ಲಿ ಬರೆದರು. ಆ ಗುಂಪಿನ ಗಂಡುಗಳು ಬಹುತೇಕ ಕುಣಿದು ಹೆಣ್ಣನ್ನ ಒಲಿಸಿ ಜಾಗ ಖಾಲಿ ಮಾಡೋ ಪೈಕಿ. ಇದು ಜೋಡಿ ಕಟ್ಟಿಕೊಂಡು ಸಂಸಾರ ಮಾಡ್ತಿತ್ತು, ಹಾಗಾಗಿ ಕೆಲವರಿಗೆ ಮೊದಲಿಂದ ಅನುಮಾನ. 2000ದಲ್ಲಿ ಡಿಎನ್‌ಎ ನೋಡಿದರೆ ಅದು ಹನಿಈಟರ್! ಅದೂ ಯಾರ ಪಕ್ಕದ ಮನೆ ಅಂದ್ರೆ ಇದೇ ಮೆಲಿಪೋಟೆಸ್ ಕುಲದ್ದು. ಮ್ಯೂಸಿಯಂ ಸ್ಪೆಸಿಮೆನ್ ಅಂದರೆ ಅಂಥ ಕೆಲಸಕ್ಕೆ ಬರೋ ಆಸ್ತಿ.

ಪ್ರಶ್ನೆ_ಪರಮ
ಡಿಎನ್‌ಎಗೆ ಒಂದು ತೊಟ್ಟು ರಕ್ತ ಸಾಕು ಸಾರ್, ಪ್ರಾಣ ಬೇಡ. 1940ರ ಕೋವಿ 2005ಕ್ಕೆ ಯಾಕೆ.

ರಿಟೈರ್ಡ್_ಮೇಷ್ಟ್ರು
ಅಸ್ಥಿಪಂಜರ, ಹೊಟ್ಟೆಯೊಳಗಿನ ಆಹಾರ, ಮರಿಗೂ ದೊಡ್ಡದಕ್ಕೂ ಪುಕ್ಕದ ವ್ಯತ್ಯಾಸ, ಇದೆಲ್ಲಾ ತೊಟ್ಟು ರಕ್ತದಲ್ಲಿ ಇರಲ್ಲ.

ಕಡಲ_ತಡಿಯವ
ನೀವಿಬ್ರೂ ಪ್ರತಿ ಥ್ರೆಡ್ಡಲ್ಲೂ ಇದೇ ಜಗಳ ಮಾರಾಯ್ರೆ. ಹಾವಿನ ಥ್ರೆಡ್ಡಲ್ಲೂ ಆಯ್ತು, ಕಪ್ಪೆಯದ್ರಲ್ಲೂ ಆಯ್ತು. ಎಂತಕ್ಕೆ?

ನಂಗೆ ಬೇರೆ ಡೌಟು ಉಂಟು. ಒಂದು ಬೆಟ್ಟದಲ್ಲಿ ಮಾತ್ರ ಇರೋದು ಅಂದ್ರೆ ಹೇಗೆ? ರೆಕ್ಕೆ ಉಂಟಲ್ಲ ಅದಕ್ಕೆ, ಪಕ್ಕದ ಬೆಟ್ಟಕ್ಕೆ ಹಾರ್ಲಿಕ್ಕೆ ಎಂತ ಕಷ್ಟ?

ಶೋಲಾ_ಸುತ್ತಾಟ
ಇದೇ ಅಸಲು ಪ್ರಶ್ನೆ! ಮೆಲಿಪೋಟೆಸ್ ಕುಲದಲ್ಲಿ ನಾಲ್ಕು ಪ್ರಭೇದ. ದ್ವೀಪದ ಪಶ್ಚಿಮ ತುದಿಗೆ ಆರ್ಫಾಕ್ ಬೆಟ್ಟಗಳ ಕಡೆ ಒಂದು, ನಡು ಬೆಟ್ಟಸಾಲಿಗೆ ಒಂದು, ಪೂರ್ವದಲ್ಲಿ ಹ್ಯುವನ್ ಪರ್ಯಾಯ ದ್ವೀಪಕ್ಕೆ ಒಂದು, ಫೋಜಾಗೆ ಒಂದು. ಒಂದರ ಜಾಗದಲ್ಲಿ ಇನ್ನೊಂದಿಲ್ಲ. ಇವು ತಂಪು ಮೋಡದ ಕಾಡಿನ ಹಕ್ಕಿ, ನಡುವಿನ ತಗ್ಗು ಅಂದ್ರೆ ಬಿಸಿ, ಜವುಗು, ಬೇರೆ ಥರದ ಮರ, ಬೇರೆ ಥರದ ಹಣ್ಣು, ಬೇರೆ ಶತ್ರುಗಳು. ಫೋಜಾ ಮತ್ತೆ ನಡು ಸಾಲಿನ ಮಧ್ಯೆ ಮಂಬೆರಾಮೋ ನದಿಯ ದೊಡ್ಡ ತಗ್ಗುಬಯಲು ಇದೆ. ಹಾರೋ ಶಕ್ತಿ ಇದ್ರೂ ಹೋಗಲ್ಲ ಅವು. ಲಕ್ಷಾಂತರ ವರ್ಷ ಹಂಗೇ ಬೇರೆ ಬೇರೆ ಇದ್ರೆ ಒಂದಕ್ಕೆ ಜೋಲು ಚರ್ಮ ಬರುತ್ತೆ, ಒಂದಕ್ಕೆ ಎದೆ ಮೇಲೆ ಚುಕ್ಕಿ ಬರುತ್ತೆ.

ದೂರ ಯಾಕೆ, ನಮ್ಮ ಘಟ್ಟ ನೋಡಿ. ಚಿಲಪ್ಪನ್ ಅನ್ನೋ ಹಕ್ಕಿಗಳು ಇವೆಯಲ್ಲ, ಮೊಂಟೆಸಿಂಕ್ಲ ಕುಲ. ನೀಲಗಿರಿಗೆ ಒಂದು, ಪಾಲಕ್ಕಾಡ್ ಕಣಿವೆಯಿಂದ ಆಚೆ ಪಳನಿ ಆನೆಮಲೆ ಕಡೆ ಒಂದು, ಇನ್ನೂ ದಕ್ಷಿಣಕ್ಕೆ ಅಶಂಬು ಬೆಟ್ಟಕ್ಕೆ ಒಂದು, ವಯನಾಡಿನ ಚೆಂಬ್ರಾ, ಬಾಣಾಸುರ, ವೆಳ್ಳರಿಮಲೆ ಶೋಲಾಗಳಿಗೆ ಒಂದು. ಶೋಲಾಕಿಳಿ ಅನ್ನೋ ಹಕ್ಕಿಗಳೂ ಅಷ್ಟೇ. 2017ರಲ್ಲಿ ವಿ.ವಿ. ರಾಬಿನ್ ಮತ್ತೆ ಅವ್ರ ಜೊತೆಯವ್ರು ಡಿಎನ್‌ಎ ನೋಡಿ ಇವು ಬೇರೆ ಎಲ್ಲೂ ಇಲ್ಲದ ಕುಲಗಳು ಅಂತ ಹೊಸ ಹೆಸರೇ ಕೊಟ್ರು. ಬಾಣಾಸುರ ಚಿಲಪ್ಪನ್‌ದು ಕೊಡಗಿನ ಗಡಿ ದಾಟಿದ್ರೆ ಹೆಚ್ಚು ದೂರ ಇಲ್ಲ, ಅದರ ಫೋಟೋ ಒಬ್ರೂ ಫಾರ್ವರ್ಡ್ ಮಾಡಲ್ಲ, ಇಂಡೋನೇಷ್ಯಾದ್ದನ್ನ ಕದ್ದು ತಂದು ಕುದುರೆಮುಖಕ್ಕೆ ಅಂಟಿಸ್ತಾರೆ. ನಂಗೆ ಹೊಟ್ಟೆ ಉರಿಯೋದು ಅಲ್ಲಿ.

ಕೊಪ್ಪದ_ಹುಡ್ಗ
ಇದನ್ನ ಕಾಪಿ ಮಾಡಿ ಗ್ರೂಪಲ್ಲಿ ಹಾಕ್ಲಾ ಸರ್?

ಶೋಲಾ_ಸುತ್ತಾಟ
ಹಾಕಿ. ಹತ್ತು ಜನಕ್ಕೆ ಕಳ್ಸಿ ಅಂತಾನೂ ಸೇರ್ಸಿ.

ತೋಟದ_ತಮ್ಮಯ್ಯ
ಮೇಲೆ ಯಾರೋ ಬದನಿಕೆ ಹಕ್ಕಿ ಅಂದ್ರಲ್ಲ, ವಿಷಯಾಂತರ ಆದ್ರೂ ಕೇಳ್ಬಿಡ್ತೀನಿ. ನಮ್ಮ ಮಾವಿನ ಮರಕ್ಕೆ ಬದನಿಕೆ ವಿಪರೀತ ಹತ್ಕೊಂಡಿದೆ, ಈ ಹಕ್ಕಿಗಳೇ ಬೀಜ ತಂದು ಮೆತ್ತೋದು ಅಂತ ಗೊತ್ತು. ಓಡ್ಸೋಕೆ ಏನಾದ್ರೂ ಇದ್ಯಾ?

ಸೂರಕ್ಕಿ_ಮನೆ
ಅಯ್ಯೋ ಓಡಿಸ್ಬೇಡಿ ತಮ್ಮಯ್ಯನವ್ರೇ, ಹೆಬ್ಬೆರಳಷ್ಟಿರೋ ಹಕ್ಕಿ ಅದು

ರಿಟೈರ್ಡ್_ಮೇಷ್ಟ್ರು
ಹಕ್ಕಿ ಓಡಿಸಿ ಪ್ರಯೋಜನ ಇಲ್ಲ. ಬದನಿಕೆ ಹಣ್ಣಾಗೋ ಮೊದಲು ಕೊಂಬೆ ಸಮೇತ, ಅಂಟಿದ ಜಾಗದಿಂದ ಸ್ವಲ್ಪ ಒಳಗೆ ಕಡಿದು ತೆಗೀರಿ. ಬರೀ ಬದನಿಕೆ ಮುರಿದ್ರೆ ಮತ್ತೆ ಚಿಗುರ್ತದೆ. ಪೂರ್ತಿ ತೆಗೀಬೇಡಿ, ಬೇಲಿ ಸಾಲಿನ ಮರದಲ್ಲಿ ಒಂದೆರಡು ಬಿಡಿ, ಅದರ ಹೂವಿಗೆ ಸೂರಕ್ಕಿ ಬರ್ತವೆ, ಹಣ್ಣಿಗೆ ಬದನಿಕೆ ಹಕ್ಕಿ.

ತೋಟದ_ತಮ್ಮಯ್ಯ
ನೀವು ಬಂದು ಮರ ಹತ್ತಿ ತೋರ್ಸಿ ಮೇಷ್ಟ್ರೇ, ಹತ್ತೋ ಆಳಿಗೆ ಈಗ ಎಷ್ಟು ಕೂಲಿ ಗೊತ್ತಾ

ಸೂರಕ್ಕಿ_ಮನೆ
ನಾನು ಸೂರಕ್ಕಿಗೆ ಬಾಟ್ಲಿಲಿ ಸಕ್ಕರೆ ನೀರು ಇಡ್ತೀನಿ, ಹನಿಈಟರ್‌ಗೆ ಅಲ್ಲಿ ಹಣ್ಣು ಇಡೋ ಹಾಗೆ. ತಪ್ಪಾ?

ಪ್ರಶ್ನೆ_ಪರಮ
ತಪ್ಪು. ತೊಳೀದೆ ಇಟ್ರೆ ಬಾಟ್ಲಿಲಿ ಬೂಸ್ಟು ಬೆಳೆಯುತ್ತೆ, ಹಕ್ಕಿಗೆ ರೋಗ. ದಾಸವಾಳ ಇದೆ ಅಂತೀರಲ್ಲ, ಇನ್ನೆರಡು ಗಿಡ ನೆಡಿ.

ಕಡಲ_ತಡಿಯವ
ಪರಮ ಹೇಳಿದ್ದಕ್ಕೆ ಮೇಷ್ಟ್ರು ಒಪ್ತಾರಾ ನೋಡುವ 🍿

ರಿಟೈರ್ಡ್_ಮೇಷ್ಟ್ರು
ಒಪ್ಪಿದೆ. ಅರಿಶಿನ ಹಾಕಿ ಫೋಟೋ ತೆಗೆದಿಟ್ಕೊಳ್ಳಿ.

ಹಾಗೆನ್_ಕನ್ನಡಿಗ
ಮತ್ತೆ ಬೆಟ್ಟಕ್ಕೆ ಬರೋಣ, ಒಂದು ಮುಖ್ಯ ವಿಷ್ಯ ಯಾರೂ ಹೇಳಿಲ್ಲ. ಪಾಪುವಾ ನ್ಯೂಗಿನಿಲಿ ಕರಿಮುಯಿ ಅಂತ ಬೆಟ್ಟ ಇದೆ, 1960ರ ದಶಕದಲ್ಲಿ ಇದೇ ಜೇರೆಡ್ ಡೈಮಂಡ್ ಯಾವ ಹಕ್ಕಿ ಎಷ್ಟು ಎತ್ತರದಲ್ಲಿ ಅಂತ ಬರ್ಕೊಂಡಿದ್ರು. ಸುಮಾರು 50 ವರ್ಷ ಆದ್ಮೇಲೆ ಫ್ರೀಮನ್ ಅನ್ನೋ ವಿಜ್ಞಾನಿ ದಂಪತಿ ಅದೇ ಜಾಗಕ್ಕೆ ಹೋಗಿ ಮತ್ತೆ ಲೆಕ್ಕ ಹಾಕಿದ್ರು, 2014ರಲ್ಲಿ ಪ್ರಕಟ ಆಯ್ತು. ತಾಪಮಾನ ಏರಿದ್ದು ಅರ್ಧ ಡಿಗ್ರಿಗಿಂತ ಕಮ್ಮಿ, ಹಕ್ಕಿಗಳ ಮೇಲಿನ ಗಡಿ ಸರಾಸರಿ 100 ಮೀಟರ್‌ಗೂ ಜಾಸ್ತಿ ಮೇಲಕ್ಕೆ ಹೋಗಿದೆ. ಕೆಳಗಿನ ಗಡಿನೂ ಮೇಲಕ್ಕೆ. ಈಗ ಫೋಜಾ ಯೋಚನೆ ಮಾಡಿ, ತುದಿ ಇರೋದೇ 2,200 ಮೀಟರ್ ಹತ್ತಿರ. ನಡು ಸಾಲಿನ ಸ್ಮೋಕಿಗೆ ಮೇಲಕ್ಕೆ ಇನ್ನೂ ಬೆಟ್ಟ ಇದೆ, ಫೋಜಾದ್ದಕ್ಕೆ ಮೇಲೆ ಆಕಾಶನೇ. ಇವತ್ತು ಧಾರಾಳ ಇದೆ ನಿಜ, ಕಾಡು ಕಡಿಯೋರೂ ಅಲ್ಲಿ ಇಲ್ಲ, ಅದಕ್ಕೇ ಇಲ್ಲಿವರೆಗೆ ಯಾರೂ ತಲೆ ಕೆಡಿಸ್ಕೊಂಡಿಲ್ಲ.

ಶೋಲಾ_ಸುತ್ತಾಟ
ಹೌದು, ಚೆಂಬ್ರಾ ಬಾಣಾಸುರದ್ದೂ ಇದೇ ಲೆಕ್ಕ, ಅಲ್ಲಿ ಜಾಗ ಇನ್ನೂ ಚಿಕ್ಕದು.

ಕೊಪ್ಪದ_ಹುಡ್ಗ
ಸರ್ ಇದನ್ನ ನೋಡ್ಬೇಕು ಅಂದ್ರೆ ಹೋಗೋದು ಹೇಗೆ? ಸುಮ್ನೆ ಕೇಳ್ತಿದೀನಿ, ಲಾಟರಿ ಹೊಡೆದ್ರೆ ಅಂತ

ಹಾಗೆನ್_ಕನ್ನಡಿಗ
ಫೋಜಾಗೆ ಲಾಟರಿನೂ ಸಾಲಲ್ಲ. ರಸ್ತೆ ಇಲ್ಲ, ಮೇಲಕ್ಕೆ ಹೆಲಿಕಾಪ್ಟರೇ ಗತಿ, ಆ ತಂಡದವ್ರು ಇಳಿದಿದ್ದೂ ಬೆಟ್ಟದ ಮೇಲಿನ ಒಂದು ಜವುಗಿನ ಬಯಲಲ್ಲಿ. ಬೇರೆ ದಾರಿ ಹೇಳ್ತೀನಿ, ಜಕಾರ್ತಾಗೆ ಹೋಗಿ ಅಲ್ಲಿಂದ ಮನೋಕ್ವಾರಿಗೆ ವಿಮಾನ, ಅಲ್ಲಿ ಪೊಲೀಸರ ಹತ್ರ ಸುರಾತ್ ಜಲಾನ್ ಅನ್ನೋ ಪರ್ಮಿಟ್ ಮಾಡಿಸ್ಕೊಂಡು ಜೀಪಲ್ಲಿ ಆರ್ಫಾಕ್ ಬೆಟ್ಟ ಹತ್ತಿದ್ರೆ ಆರ್ಫಾಕ್ ಹನಿಈಟರ್ ಸಿಗುತ್ತೆ, ಮೆಲಿಪೋಟೆಸ್ ಜಿಮ್ನಾಪ್ಸ್, ಅದೂ ಮುಖ ಹಳದಿಯಿಂದ ಕೆಂಪಾಗೋ ಪೈಕಿ. ಹಳ್ಳಿಯವರೇ ಗೈಡ್ ಆಗಿ ಬರ್ತಾರೆ, ಅವ್ರ ಮನೆಗಳಲ್ಲೇ ಉಳ್ಕೊಳ್ಳೋದು, ದುಡ್ಡು ನೇರ ಅವ್ರಿಗೇ ಹೋಗುತ್ತೆ. ಪರಮ ಅವ್ರಿಗೂ ಸಮಾಧಾನ. ಮಧ್ಯಾಹ್ನದ ಮೇಲೆ ಮಳೆ ಗ್ಯಾರಂಟಿ, ಬೆಳಿಗ್ಗೆ ಬೇಗ ಏಳ್ಬೇಕು.

ಬೈನಾಕ್ಯುಲರ್_ಬಸ್ಯಾ
ಜಿಗಣಿ ಅದಾವೇನ್ರಿ ಅಲ್ಲಿ? ನಾ ಒಮ್ಮೆ ಆಗುಂಬಿಗೆ ಬಂದು ಅರ್ಧ ಲೀಟರ್ ರಕ್ತ ಕೊಟ್ಟು ಹೋಗೇನಿ

ಹಾಗೆನ್_ಕನ್ನಡಿಗ
ಅವೆ ಬಸ್ಯಣ್ಣ. ಸುಣ್ಣ, ಹೊಗೆಸೊಪ್ಪು ಕಟ್ಕೊಂಡು ಬಾ, ಜೊತೆಗೆ ಹೋಗೋಣ.

ಬೈನಾಕ್ಯುಲರ್_ಬಸ್ಯಾ
ಹೊಗೆಸೊಪ್ಪು ಕಿಸೆದಾಗ ಐತಿ, ಪಾಸ್‌ಪೋರ್ಟ್ ಒಂದ್ ಇಲ್ಲ ನೋಡ್ರಿ